ತೂತಿಲ್ಲದ ಕುಂಡಗಳು

ಬಸವೇಶ್ವರನಗರ
13 ಮಾರ್ಚ್ 2024

ಸಂಜೆಮಲ್ಲಿಗೆ ಮಹಿಳಾ ಸಮಾಜದ ಅಧ್ಯಕ್ಷೆ ಲಕ್ಷ್ಮಿದೇವಮ್ಮನವರಿಗೆ,

ಮಾರ್ಚ್ ಹತ್ತನೆಯ ತಾರೀಖು ಭಾನುವಾರ, ಮಹಿಳಾ ದಿನಾಚರಣೆಯ ಸಭೆಯಲ್ಲಿ, ನೀವು ಮೈಕ್ ಹಿಡಿದು ನನ್ನ ಮೇಲೆ ಒಂದು ಅಪವಾದ ಹೊರಿಸಿದಿರಿ. ನಾನು ನೋಡಿಕೊಳ್ಳುತ್ತಿದ್ದ ಸಮಾಜದ ಓದುವ ಕೋಣೆಯ ಗಿಡಗಳು ಬಾಡಿರುವುದು ನಾನು ನೀರು ಹಾಕದೆ ಬಿಟ್ಟಿದ್ದರಿಂದ ಎಂದಿರಿ. ನಿಮ್ಮ ಮಾತು ನನಗೆ ಹಾಗೆಯೇ ನೆನಪಿದೆ: "ನಮ್ ಜಲಜಾ ಪುಸ್ತಕದ ಮೇಲೆ ಒಂದ್ ಚೂರು ಧೂಳು ಕೂರೋಕೆ ಬಿಡಲ್ಲ. ಗಿಡಕ್ಕೆ ಒಂದ್ ಲೋಟ ನೀರು ಹಾಕೋಕೆ ಮಾತ್ರ ಕೈ ಬರಲ್ಲ." ಇಡೀ ಹಾಲ್ ನಕ್ಕಿತು. ನಗು ನಿಲ್ಲುವ ಮೊದಲೇ ಕೋಣೆಯ ಬೀಗದ ಕೈಯನ್ನು ವೇದಿಕೆಯ ಮೇಲೆ ನನ್ನಿಂದ ಕೇಳಿ ಪಡೆದು, ಸಮಿತಿಗೆ ಹೊಸದಾಗಿ ಸೇರಿದ ರಮ್ಯಶ್ರೀಗೆ ಕೊಟ್ಟಿರಿ. ಪಾಪ, ಆ ಹುಡುಗಿಗೆ ಎತ್ತ ನೋಡಬೇಕೋ ತಿಳಿಯಲಿಲ್ಲ.

ಬೇರೆ ಯಾವ ಗಿಡವಾಗಿದ್ದರೂ ನಾನು ಈ ಪತ್ರ ಬರೆಯುತ್ತಿರಲಿಲ್ಲ. ನಮ್ಮ ಸದಸ್ಯೆಯರಲ್ಲಿ ಯಾರಾದರೂ ತೀರಿಕೊಂಡರೆ ಗೋಡೆಗೆ ಫೋಟೊ ಹಾಕಿ ಪ್ಲಾಸ್ಟಿಕ್ ಹಾರ ತೂಗುಬಿಡುವುದು ಬೇಡ, ಓದುವ ಕೋಣೆಯಲ್ಲಿ ಅವರ ಹೆಸರಿನ ಒಂದು ಕುಂಡ ಇಡೋಣ ಎಂದವಳು ನಮ್ಮ ಜಗದಾಂಬಾ. ಮೂರು ವರ್ಷದ ಹಿಂದೆ ಅವಳ ಹೆಸರಿನ ಕುಂಡವೂ ಆ ಸಾಲಿಗೆ ಸೇರಿತು. ಆದ್ದರಿಂದ ನೀವು ಮೈಕಿನಲ್ಲಿ ಹೇಳಿದ್ದರ ಅರ್ಥ ಎಲ್ಲರಿಗೂ ಸರಿಯಾಗಿಯೇ ತಲುಪಿದೆ: ಸತ್ತವರನ್ನು ಬಾಯಾರಿಸಿದವಳು ಈ ಜಲಜಾ.

ನಾನು ನೀರು ಹಾಕಲಿಲ್ಲ ಎನ್ನುವುದು ನಿಜ. ಫೆಬ್ರವರಿ ನಡುವಿನಿಂದ ಒಂದು ಹನಿಯನ್ನೂ ಹಾಕಿಲ್ಲ. ಮಣ್ಣು ಒದ್ದೆಯಾಗಿತ್ತು, ಅದಕ್ಕೆ. ಎಲೆ ಜೋತುಬಿದ್ದರೆ ಅದು ಬಾಯಾರಿಕೆಯೇ ಎಂದು ಹೇಳಿದವರು ಯಾರು? ಹಸಿದವನೂ ಮಲಗುತ್ತಾನೆ, ಹೊಟ್ಟೆ ಬಿರಿಯೆ ಉಂಡವನೂ ಮಲಗುತ್ತಾನೆ. ಇಬ್ಬರಿಗೂ ಎಲೆ ಹಾಕಿ ಅನ್ನ ಬಡಿಸುತ್ತೀರಾ?

ಡಿಸೆಂಬರಿನ ಸಮಿತಿ ಸಭೆಯನ್ನು ನೆನಪು ಮಾಡಿಕೊಳ್ಳಿ. ಸಮಾಜದ ಮೂವತ್ತನೇ ವರ್ಷಕ್ಕೆಂದು ನೀವು ಬಿಳಿ ಪಿಂಗಾಣಿ ಕುಂಡಗಳನ್ನು ತರಿಸಿ, ಹಳೆಯ ಪ್ಲಾಸ್ಟಿಕ್ ಕುಂಡಗಳನ್ನು ಗಿಡದ ಸಮೇತ ಅವುಗಳೊಳಗೆ ಇಳಿಸಿದಿರಿ. ಇವಕ್ಕೆ ತಳದಲ್ಲಿ ತೂತಿಲ್ಲ, ನೀರು ಹೋಗುವುದೆಲ್ಲಿಗೆ ಎಂದು ಕೇಳಿದೆ. "ತೂತಿದ್ರೆ ಹೊಸ ಗ್ರಾನೈಟ್ ಮೇಲೆಲ್ಲ ಕೆಂಪು ನೀರು ಕಣೇ, ಒರೆಸೋರ್ಯಾರು, ನಿಮ್ಮಪ್ಪನಾ?" ಎಂದಿರಿ. ಅಂದೂ ಎಲ್ಲರೂ ನಕ್ಕಿದ್ದರು.

ನಾನು ಹಾಕದ ನೀರು ಆ ಮಣ್ಣಿಗೆ ಎಲ್ಲಿಂದ ಬರುತ್ತಿದೆ ಎಂಬುದು ನನಗಿನ್ನೂ ತಿಳಿದಿಲ್ಲ. ತಿಳಿದುಕೊಳ್ಳುತ್ತೇನೆ. ಅದಕ್ಕೆ ಕೋಣೆಯೊಳಗೆ ಹೋಗಲು ಅನುಮತಿ ಬೇಕು. ಲಿಖಿತವಾಗಿ ಕೊಡಿ.

ಇಂತಿ,
ಜಲಜಾ


ಶ್ರೀಗಂಧದ ಕಾವಲ್
22 ಮಾರ್ಚ್ 2024

ಜಲಜಾ,

ನಾನು ನಿನಗೆ ಯಾವಾಗಿನಿಂದ 'ನೀವು' ಆದೆ? ಕವರ್ ನೋಡಿ ಮನೆ ಕಂದಾಯದ ನೋಟಿಸ್ ಬಂತೇನೋ ಅಂದುಕೊಂಡೆ. ಫೋನ್ ಮಾಡಿದರೆ ಎತ್ತುವುದಿಲ್ಲ. ಹಾವನೂರು ಸರ್ಕಲ್‌ನಲ್ಲಿ ಎದುರಿಗೆ ಸಿಕ್ಕರೆ ಆಚೆ ಕಡೆಯ ಫುಟ್‌ಪಾತಿಗೆ ಹೋಗುತ್ತೀಯ. ಸರಿ, ನಿನಗೆ ಕಾಗದವೇ ಬೇಕಾದರೆ ನಾನೂ ಬರೆಯುತ್ತೇನೆ.

ನಗಿಸಲು ಹೇಳಿದ ಮಾತನ್ನು ಹೀಗೆ ಹಿಡಿದುಕೊಂಡರೆ ಹೇಗೆ? ಆದರೆ ಗಿಡಗಳು ಬಾಡಿದ್ದು ಸುಳ್ಳಲ್ಲವಲ್ಲ. ಸಭೆಯ ಹಿಂದಿನ ದಿನ ರಾಗಿಣಿ ಬಂದು ನನ್ನ ಮುಂದೆ ಅತ್ತಳು. "ಅಮ್ಮನ ಗಿಡ ತಲೆ ಬಗ್ಗಿಸ್ಕೊಂಡು ನಿಂತಿದೆ ಆಂಟಿ, ಯಾರೂ ನೋಡ್ತಾ ಇಲ್ಲ" ಅಂದಳು. ಅಧ್ಯಕ್ಷೆ ಅಂತ ಹೆಸರು ಹೊತ್ತ ಮೇಲೆ ನಾನು ಏನಾದರೂ ಹೇಳಲೇಬೇಕಿತ್ತು. ಗಿಡಕ್ಕೆ ಕುಡಿಯುವ ನೀರು ಹಾಕಬಾರದು ಅಂತ ಜಲಮಂಡಳಿ ಆದೇಶ ಹೊರಡಿಸಿತಲ್ಲ, ನೀನು ಅದಕ್ಕೂ ಮೊದಲೇ ಆದೇಶ ಪಾಲಿಸುವ ಹೆಂಗಸು. ಅದಕ್ಕೇ ನಿಲ್ಲಿಸಿದ್ದೀಯ ಅಂದುಕೊಂಡೆ.

ನೀನು ಮಕ್ಕಳಿಗೆ ಭೂಗೋಳ ಕಲಿಸಿದವಳು, ಒಪ್ಪಿದೆ. ನಾನು ಹೊಲದಲ್ಲಿ ಕಳೆ ಕಿತ್ತವಳು. ನಮ್ಮ ಮಾವನವರ ಹೊಲ ಇವತ್ತು ಸೈಟುಗಳಾಗಿರಬಹುದು, ಕೈಗೆ ಗೊತ್ತಿರುವುದು ಕೈ ಮರೆಯುವುದಿಲ್ಲ. ಎಲೆ ಬಾಡಿತೋ, ನೀರು ಬಿಡು. ಇದಕ್ಕೆ ಪುಸ್ತಕ ಓದಬೇಕಾಗಿಲ್ಲ.

ಜಗದಾಂಬಾಳ ಗಿಡವನ್ನು ನೋಡಿದೆಯಾ? ಪೀಸ್ ಲಿಲಿ ಅಂತೀರಲ್ಲ, ಅದು. ಬಿಳಿ ಹೂವು ಬಿಡುತ್ತಿದ್ದದ್ದು ಈಗ ಕುಂಡದ ಅಂಚಿಗೆ ಒರಗಿಬಿಟ್ಟಿದೆ. ಅದನ್ನು ಹಾಗೆ ನೋಡಲು ನನಗೆ ಆಗುವುದಿಲ್ಲ. ಅದಕ್ಕೇ ಅವತ್ತು ಮಾತು ಸ್ವಲ್ಪ ಬಿರುಸಾಗಿ ಬಂತು.

ಅನುಮತಿ ಗಿನುಮತಿ ಏನೂ ಬೇಡ. ರಮ್ಯಶ್ರೀಗೆ ಹೇಳಿದ್ದೇನೆ, ಬೇಕಾದಾಗ ಬಾಗಿಲು ತೆಗೆಯುತ್ತಾಳೆ. ಅವಳ ಕೈಯಲ್ಲೇ ಹುರಿಹಿಟ್ಟು ಕಳಿಸಿದ್ದೇನೆ. ಜಗಳ ಆಡುವುದಕ್ಕಾದರೂ ಮನೆಗೆ ಬಾ.

ನಿನ್ನ
ಲಕ್ಷ್ಮಿ


ಬಸವೇಶ್ವರನಗರ
19 ಏಪ್ರಿಲ್ 2024

ಲಕ್ಷ್ಮಿದೇವಮ್ಮನವರಿಗೆ,

ಹುರಿಹಿಟ್ಟು ಚೆನ್ನಾಗಿತ್ತು. ಡಬ್ಬಿಯನ್ನು ಹಿಂದಕ್ಕೆ ಕಳಿಸಿದ್ದೇನೆ, ದೂರನ್ನು ಹಿಂದಕ್ಕೆ ತೆಗೆದುಕೊಂಡಿಲ್ಲ.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ರಮ್ಯಶ್ರೀ ಬಾಗಿಲು ತೆಗೆದಳು. ಬಾಗಿಲ ಹತ್ತಿರದ ಮನಿ ಪ್ಲಾಂಟ್‌ನಿಂದ ಶುರುಮಾಡಿದೆವು. ಕುಂಡ ಎತ್ತಲು ಹೋದ ಹುಡುಗಿ ಅಲ್ಲೇ ನಿಂತಳು.

"ಮೇಡಂ, ಇದೇನು ಇಷ್ಟ್ ಭಾರ? ಕಲ್ಲು ತುಂಬ್ಸಿದಾರಾ?"

"ಒಳಗಿನ ಕುಂಡ ಮಾತ್ರ ಮೇಲಕ್ಕೆ ಎತ್ತು."

ಎತ್ತಿದಳು. ನಿಮ್ಮ ಬಿಳಿ ಪಿಂಗಾಣಿಯ ತಳದಲ್ಲಿ ಒಂದು ಗೇಣಿಗೆ ತುಸು ಕಡಿಮೆ ಕಪ್ಪು ನೀರು. ಅದರೊಳಗೆ ಸೊಳ್ಳೆಮರಿಗಳು ಆಡುತ್ತಿದ್ದವು. ರಮ್ಯಶ್ರೀ ದುಪಟ್ಟಾದಿಂದ ಮೂಗು ಮುಚ್ಚಿಕೊಂಡು, "ನಮ್ ಲಗ್ಗೆರೆ ಮೋರೀನೇ ವಾಸಿ ಮೇಡಂ" ಎಂದಳು.

ನಾನು ಪೊರಕೆ ಕಡ್ಡಿ ತೆಗೆದುಕೊಂಡು ಹೋಗಿದ್ದೆ. ಇಡ್ಲಿ ಬೆಂದಿದೆಯೋ ಇಲ್ಲವೋ ನೋಡುವ ಹಾಗೆ ಮಣ್ಣಿನೊಳಕ್ಕೆ ತಳದವರೆಗೂ ಚುಚ್ಚಿ ತೆಗೆದರೆ ಸಾಕು. ಒಣಗಿದ ಮಣ್ಣಾದರೆ ಕಡ್ಡಿ ಶುಚಿಯಾಗಿ ಬರುತ್ತದೆ. ಇಲ್ಲಿ ಪ್ರತಿ ಕುಂಡದಲ್ಲೂ ಅದು ಕೆಸರು ಮೆತ್ತಿಕೊಂಡು, ನಾರುತ್ತ ಹೊರಬಂತು. ನಿಜವಾಗಿ ಬಾಯಾರಿದ ಗಿಡದ ಕುಂಡ ಹಗುರವಾಗಿರುತ್ತದೆ, ಮಣ್ಣು ಕುಗ್ಗಿ ಅಂಚು ಬಿಟ್ಟಿರುತ್ತದೆ, ಎಲೆ ಕಾಗದದ ಹಾಗೆ ಒಣಗಿರುತ್ತದೆ. ಅಂಥದ್ದಕ್ಕೆ ನೀರು ಹಾಕಿದರೆ ಸಂಜೆಯೊಳಗೆ ತಲೆ ಎತ್ತುತ್ತದೆ. ನಮ್ಮ ಗಿಡಗಳ ಎಲೆ ಮೆತ್ತಗಾಗಿವೆ, ಕೆಳಗಿನ ಎಲೆಗಳು ಹಳದಿಯಾಗಿ ಬುಡದಲ್ಲೇ ಕಳಚಿಕೊಳ್ಳುತ್ತಿವೆ, ಮಣ್ಣಿನ ಮೇಲೆ ಸಣ್ಣ ಕಪ್ಪು ನೊಣ ಹಾರುತ್ತಿವೆ. ಬೇರಿಗೂ ಉಸಿರು ಬೇಕು ಲಕ್ಷ್ಮಿದೇವಮ್ಮನವರೇ. ನೀರು ನಿಂತರೆ ಬೇರು ಕೊಳೆಯುತ್ತದೆ, ಕೊಳೆತ ಬೇರು ನೀರನ್ನು ಮೇಲಕ್ಕೆ ಎಳೆಯಲಾರದು. ಹಾಗಾಗಿ ಗಿಡ ನೀರಿನ ನಡುವೆ ನಿಂತುಕೊಂಡೇ ಬಾಯಾರಿ ಜೋಲುತ್ತದೆ. ಅದನ್ನು ನೋಡಿ ನಾವು ಇನ್ನೊಂದು ಲೋಟ ಸುರಿಯುತ್ತೇವೆ.

ಹೊಲದ ಮಾತು ಎತ್ತಿದಿರಿ. ನಿಮ್ಮ ಕೈಯ ಮೇಲೆ ನನಗೆ ಗೌರವವಿದೆ. ಆದರೆ ಹೊಲಕ್ಕೆ ತಳವಿಲ್ಲ, ಹೆಚ್ಚಾದ ನೀರು ಇಳಿದುಹೋಗುತ್ತದೆ. ಕುಂಡಕ್ಕೆ ತಳವಿದೆ. ಆ ತಳವನ್ನೂ ನೀವು ಮುಚ್ಚಿಸಿದಿರಿ.

ಇನ್ನು ಸುರಿದವರು ಯಾರು ಎಂಬ ಪ್ರಶ್ನೆ. ನಾನು ಕೋಣೆ ನೋಡಿಕೊಳ್ಳುತ್ತಿದ್ದದ್ದು ಮಧ್ಯಾಹ್ನದವರೆಗೆ ಮಾತ್ರ. ಗುರುವಾರ ಸಂಜೆ ಭಜನೆಗೆ ಬರುವವರು ಆ ಕೋಣೆ ದಾಟಿಯೇ ಹಾಲ್‌ಗೆ ಹೋಗಬೇಕು. ನಿನ್ನೆ ಗುರುವಾರ ನಾನು ಮೂಲೆಯಲ್ಲಿ ಪೇಪರ್ ಹಿಡಿದು ಕುಳಿತೆ. ರಾಗಿಣಿ ಬಂದಳು, ಚೀಲದಿಂದ ಸ್ಟೀಲ್ ಬಾಟಲಿ ತೆಗೆದು ತಾಯಿಯ ಅರೆಕಾ ಪಾಮ್ ಬುಡಕ್ಕೆ ಹಾಕಿದಳು. ಆಮೇಲೆ ಪಕ್ಕದ ಕುಂಡಕ್ಕೆ. ಆಮೇಲೆ ಅದರ ಪಕ್ಕದ್ದಕ್ಕೆ. ಹೀಗೆ ಸಾಲಿನ ಕೊನೆಯವರೆಗೂ.

"ಎಲ್ಲದಕ್ಕೂ ಯಾಕೆ ಹಾಕ್ತೀಯ ರಾಗಿಣಿ?" ಎಂದೆ.

"ಅಯ್ಯೋ, ಇದೀರಾ ಆಂಟಿ! ಪಕ್ಕದವರಿಗೆ ಹಾಕ್ದೆ ಅಮ್ಮಂಗೆ ಒಬ್ರಿಗೇ ಹೇಗ್ ಹಾಕೋದು? ಸಾಲಾಗಿ ಕೂತಿದಾರೆ, ಪಂಕ್ತಿಭೇದ ಆಗಲ್ವಾ?"

"ನಿಮ್ಮನೇಲಿ ನೀರಿಗೆ ಕಷ್ಟ ಅಂತಿದ್ದೆ."

"ಟ್ಯಾಂಕರ್ ಬಂದ್ರೆ ಬಂತು, ಇಲ್ಲದಿದ್ರೆ ಇಲ್ಲ. ಎರಡು ದಿನ ಬಟ್ಟೆ ಒಗೀಲಿಲ್ಲ. ಇದೊಂದು ಮಾತ್ರ ತಪ್ಪಿಸಿಲ್ಲ ಆಂಟಿ."

ಅವಳ ಹಿಂದೆ ಇನ್ನೊಬ್ಬಳು ಬಂದಳು, ಸೊಸೆಯೊಬ್ಬಳು ಬಂದಳು, ತಂಗಿಯೊಬ್ಬಳು ಬಂದಳು. ಎಲ್ಲರೂ ಸಾಲಿಗೆಲ್ಲ ಬಡಿಸಿದರು. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಊರಿಗೆ ಊರೇ ಬಿಂದಿಗೆ ಹಿಡಿದು ಟ್ಯಾಂಕರಿನ ಹಿಂದೆ ಓಡುತ್ತಿರುವ ಬೇಸಿಗೆಯಲ್ಲಿ ನಮ್ಮ ಗಿಡಗಳು ನೀರಿನಲ್ಲಿ ಮುಳುಗಿ ಸಾಯುತ್ತಿವೆ.

ಎಲ್ಲಕ್ಕಿಂತ ಭಾರವಾಗಿದ್ದದ್ದು ಜಗದಾಂಬಾಳ ಕುಂಡ. ಅವಳಿಗೆ ಮಕ್ಕಳಿಲ್ಲ, ಅವಳ ಕಡೆಯವರು ಯಾರೂ ಭಜನೆಗೆ ಬರುವುದಿಲ್ಲ. ಉಳಿದ ಕುಂಡಗಳಿಗಿಂತ ಅದರಲ್ಲೇ ಹೆಚ್ಚು ನೀರು ಏಕೆ ಎಂದು ಕೇಳಿದರೆ ರಮ್ಯಶ್ರೀ ಕಿಟಕಿಯ ಆಚೆ ನೋಡಿದಳು. ಆ ಮಣ್ಣಿನ ಮೇಲೆ ಉಪ್ಪಿನ ಹಾಗೆ ಬಿಳಿಯ ಪದರ ಕಟ್ಟಿದೆ. ಬೇರೆ ಯಾವ ಕುಂಡದಲ್ಲೂ ಅದಿಲ್ಲ. ನಿಮ್ಮ ಮನೆಯ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ಅಂಚಿಗೆ ಕೂರುತ್ತದಲ್ಲ, ಅದೇ ಬಿಳಿ. ಓದುವ ಕೋಣೆಯ ಇನ್ನೊಂದು ಬೀಗದ ಕೈ ಅಧ್ಯಕ್ಷರ ಹತ್ತಿರ ಇರುತ್ತದೆ ಎಂಬುದೂ ನನಗೆ ಗೊತ್ತಿದೆ.

ಉತ್ತರ ಬರೆಯಿರಿ.

ಇಂತಿ,
ಜಲಜಾ


ಶ್ರೀಗಂಧದ ಕಾವಲ್
12 ಮೇ 2024

ಜಲಜಾ,

ಉತ್ತರ ತಡವಾಯಿತು.

ಹೌದು, ನಾನೇ. ಬೆಳಿಗ್ಗೆ ವಾಕಿಂಗ್ ಮುಗಿಸಿ, ಕೋಣೆಯ ಬಾಗಿಲು ತೆಗೆಯುವ ಹೊತ್ತಿಗೂ ಮೊದಲೇ, ಮಗನ ಕಾರಿನಲ್ಲಿ ಅಲ್ಲಿಗೆ ಹೋಗುತ್ತಿದ್ದೆ. ದಿನಾ. ಒಂದು ಬಾಟಲಿ ಪೂರ್ತಿ. ಬಾಡಿದ ಮೇಲೆ ಎರಡು.

ನಿನಗೆ ಒಂದು ವಿಷಯ ಹೇಳಿಲ್ಲ. ಜಗದಾಂಬಾ ಆಸ್ಪತ್ರೆಯಲ್ಲಿದ್ದಾಗ ನನಗೆ ಫೋನ್ ಮಾಡಿದ್ದಳು. ಯಾರನ್ನೂ ಒಳಗೆ ಬಿಡದಿದ್ದ ಕಾಲ ಅದು. ಮಾಸ್ಕ್ ತೆಗೆದು ಮಾತಾಡಿದಳು ಅಂತ ಕಾಣುತ್ತದೆ, ಗಂಟಲು ಒಡೆದಿತ್ತು. "ಲಕ್ಷ್ಮೀ, ಯಾರಿಗಾದ್ರೂ ಹೇಳಿ ಒಂಚೂರು ನೀರು ಕೊಡ್ಸೇ" ಅಂದಳು. ನಾನು ಬಾಟಲಿ ಹಿಡಿದು ಹೋಗಿ ಗೇಟಿನಲ್ಲಿ ನಿಂತೆ. ಸೆಕ್ಯೂರಿಟಿಯವನು ಬಾಟಲಿ ಇಸಿದುಕೊಂಡು ಮೇಜಿನ ಮೇಲೆ ಇಟ್ಟ. ಅದು ಅಲ್ಲೇ ಇತ್ತು, ನಾನು ವಾಪಸು ಬರುವವರೆಗೂ.

ಅಷ್ಟೇ. ಇದರ ಬಗ್ಗೆ ಏನೂ ಕೇಳಬೇಡ.

ಹೊಲಕ್ಕೆ ತಳವಿಲ್ಲ ಅಂತ ಬರೆದೆಯಲ್ಲ, ಅದನ್ನು ಓದಿ ನನ್ನ ಮೇಲೆ ನನಗೇ ಸಿಟ್ಟು ಬಂತು. ನಮ್ಮ ಹೊಲದ ತಗ್ಗಿನ ಮೂಲೆಯಲ್ಲಿ ಮಳೆ ನೀರು ನಿಂತರೆ ರಾಗಿ ಪೈರು ಹಳದಿಗೆ ತಿರುಗುತ್ತಿತ್ತು. ಮಾವ ಗುದ್ದಲಿ ಹೆಗಲಿಗೆ ಹಾಕಿಕೊಂಡು ಹೋಗಿ ಬದು ಕಡಿದು ನೀರು ಬಿಟ್ಟು ಬರುತ್ತಿದ್ದರು. ಎಷ್ಟೋ ಸಲ ನಾನೇ ಅವರ ಜೊತೆ ಹೋಗಿದ್ದೇನೆ. ಅಲ್ಲಿ ಕಣ್ಣಾರೆ ಕಂಡಿದ್ದು ಇಲ್ಲಿ ಬಿಳಿ ಕುಂಡದ ಮುಂದೆ ತಲೆಗೆ ಹೊಳೆಯಲಿಲ್ಲ.

ಗಿಡ ಈಗ ಪೂರ್ತಿ ಮಲಗಿಬಿಟ್ಟಿದೆ. ನಾನು ನಿಲ್ಲಿಸಿದ್ದೇನೆ. ಹೇಗಾದರೂ ಮಾಡಿ ಅದನ್ನು ಉಳಿಸು.

ಲಕ್ಷ್ಮಿ


ಬಸವೇಶ್ವರನಗರ
16 ಜೂನ್ 2024

ಲಕ್ಷ್ಮೀ,

ಬಾಟಲಿಯ ಬಗ್ಗೆ ನಾನು ಏನೂ ಕೇಳುವುದಿಲ್ಲ. ಬರೆಯಲು ಕುಳಿತು ಎರಡು ಸಲ ಎದ್ದೆ. ಮುಂದಿನ ವಿಷಯಕ್ಕೆ ಬರುತ್ತೇನೆ.

ನಾನೂ ರಮ್ಯಶ್ರೀಯೂ ಎಲ್ಲ ಗಿಡಗಳನ್ನೂ ಹೊರಗೆ ತೆಗೆದೆವು. ಜಗದಾಂಬಾಳ ಗಿಡದ ಬೇರು ಮುಟ್ಟಿದರೆ ಸಿಪ್ಪೆ ಜಾರಿ ಕೈಯಲ್ಲಿ ನೂಲು ಉಳಿಯುತ್ತಿತ್ತು. ಕಪ್ಪಾದದ್ದನ್ನೆಲ್ಲ ಕತ್ತರಿಸಿದೆ. ಬೆಳ್ಳಗೆ, ಗಟ್ಟಿಯಾಗಿ ಉಳಿದ ಬೇರು ಒಂದು ಹಿಡಿಯಾಗಲಿಲ್ಲ. "ಇಷ್ಟರಲ್ಲಿ ಬದುಕುತ್ತಾ ಮೇಡಂ?" ಎಂದಳು ರಮ್ಯಶ್ರೀ. "ಇಷ್ಟು ಸಾಕು, ನಾವು ಕೈ ಕಟ್ಟಿ ಕೂತ್ರೆ" ಎಂದೆ. ಬೇರು ಕಡಿಮೆಯಾದ ಮೇಲೆ ಅಷ್ಟೊಂದು ಎಲೆಗಳನ್ನು ಸಾಕಲಾರದು ಎಂದು ಅರ್ಧ ಎಲೆಗಳನ್ನೂ ತೆಗೆದೆ. ಕೆಂಪು ಮಣ್ಣಿಗೆ ತೆಂಗಿನ ನಾರಿನ ಪುಡಿ, ದಪ್ಪ ಮರಳು, ಒಂದಿಷ್ಟು ಇದ್ದಿಲ ಚೂರು ಬೆರೆಸಿ, ತೂತಿರುವ ಹಳೆಯ ಪ್ಲಾಸ್ಟಿಕ್ ಕುಂಡದಲ್ಲೇ ನೆಟ್ಟು, ಕೆಳಗೆ ತಟ್ಟೆ ಇಟ್ಟಿದ್ದೇನೆ. ಓದುವ ಕೋಣೆಯಲ್ಲೇ, ಬೆಳಕು ಬರುವ, ಬಿಸಿಲು ಬೀಳದ ಕಿಟಕಿಯ ಪಕ್ಕ. ಒಮ್ಮೆ ಸ್ವಲ್ಪ ನೀರು ಕೊಟ್ಟು, ತಟ್ಟೆಗೆ ಇಳಿದದ್ದನ್ನು ಚೆಲ್ಲಿ, ಆಮೇಲೆ ಮುಟ್ಟಲಿಲ್ಲ. ಏನೂ ಮಾಡದೆ ಇರುವುದು ಇದರಲ್ಲಿ ಅತಿ ಕಷ್ಟದ ಕೆಲಸ. ರಮ್ಯಶ್ರೀ ದಿನಾ ಬಂದು, "ಸ್ವಲ್ಪ, ಚೂರೇ ಚೂರು?" ಎಂದು ಕೇಳುತ್ತಿದ್ದಳು. ನಾನು ಪೊರಕೆ ಕಡ್ಡಿ ತೋರಿಸುತ್ತಿದ್ದೆ.

ಮೊನ್ನೆ ಗಿಡದ ನಡುವಿನಿಂದ ಸುರುಳಿ ಸುತ್ತಿದ ಒಂದು ಎಲೆ ಬಂದಿದೆ. ನೀನು ಹೋಗಿ ನೋಡು. ಕೈ ಬೀಸಿಕೊಂಡು ಹೋಗು.

ಮೂರು ಗಿಡಗಳು ಹೋದವು. ರಾಗಿಣಿಯ ತಾಯಿಯದು ಅವುಗಳಲ್ಲೊಂದು.

ಇನ್ನು ನನ್ನ ವಿಷಯ. ಕಾಗದದಲ್ಲಿ ನೀನು 'ಹೌದು, ನಾನೇ' ಎಂದು ಬರೆದೆ. ಅದಕ್ಕೆ ನನ್ನ ಮನಸ್ಸು ತಿಳಿಯಾಯಿತು. ನನ್ನ ಹೆಸರು ತಿಳಿಯಾಗಲಿಲ್ಲ. ನನ್ನನ್ನು ಅಂದದ್ದು ಕಾಗದದಲ್ಲಿ ಅಲ್ಲ. ವರಮಹಾಲಕ್ಷ್ಮಿ ಹಬ್ಬ ಕಳೆದ ಮೇಲಿನ ಭಾನುವಾರ, ಆಗಸ್ಟ್ ಹದಿನೆಂಟಕ್ಕೆ, ವಾರ್ಷಿಕ ಸಭೆ ಇದೆ. ಯೋಚಿಸು.

ಜಲಜಾ


ಶ್ರೀಗಂಧದ ಕಾವಲ್
21 ಜುಲೈ 2024

ಜಲಜಾ,

ಎಲೆ ನೋಡಿ ಬಂದೆ. ಈಗ ಬಿಚ್ಚಿಕೊಂಡಿದೆ. ಕೈ ಬೀಸಿಕೊಂಡೇ ಹೋಗಿದ್ದೆ, ರಮ್ಯಶ್ರೀಯನ್ನು ಕೇಳು.

ಈ ಕವರಿನಲ್ಲಿ ಓದುವ ಕೋಣೆಯ ಬೀಗದ ಕೈ ಇದೆ, ರಮ್ಯಶ್ರೀಯ ಹತ್ತಿರ ಇದ್ದದ್ದು. ನಾಳೆಯಿಂದ ನೀನೇ ತೆಗೆ. ಪಿಂಗಾಣಿ ಕುಂಡಗಳನ್ನೆಲ್ಲ ಸ್ಟೋರಿಗೆ ಹಾಕಿಸಿದ್ದೇನೆ. ಇದಕ್ಕಿಂತ ಇನ್ನೇನು ಬೇಕು ಹೇಳು? ಅವತ್ತಿನ ಮಾತು ಯಾರಿಗೂ ನೆನಪಿಲ್ಲ ಕಣೇ, ನಿನ್ನ ಹೊರತು. ಹೆಂಗಸರು ಅವತ್ತಿನ ಹೋಳಿಗೆ ಊಟ ನೆನಪಿಟ್ಟುಕೊಂಡಿದ್ದಾರೆ, ಭಾಷಣವನ್ನಲ್ಲ.

ಮೈಕಿನಲ್ಲಿ ಹೇಳು ಅಂತೀಯ. ನನ್ನ ಹೆಸರು ಹೇಳಿಕೊಳ್ಳುವುದಕ್ಕೆ ನಾಚಿಕೆ ಆಗುತ್ತದೆ, ಆದರೂ ಹೇಳಿಬಿಡಬಹುದು. ನನ್ನ ತೊಂದರೆ ಅದಲ್ಲ. ನೀರು ಹೆಚ್ಚಾಗಿ ಸತ್ತವು ಅಂದರೆ, ಹಾಕಿದವರು ಯಾರು ಅಂತ ಎಲ್ಲರೂ ಕೇಳುತ್ತಾರೆ. ಬಟ್ಟೆ ಒಗೆಯುವ ನೀರು ಉಳಿಸಿ ತಂದು ಹಾಕಿದ ಹುಡುಗಿಗೆ, ನಿನ್ನ ಅಮ್ಮನ ಗಿಡವನ್ನು ನೀನೇ ಕೊಂದೆ ಅಂತ ಅಷ್ಟು ಜನರ ಮುಂದೆ ಹೇಗಮ್ಮ ಹೇಳಲಿ? ನೀನಾದರೆ ಹೇಳುತ್ತೀಯಾ? ನಿನಗೊಬ್ಬಳಿಗೆ ಆದ ನೋವು ನಿನ್ನಲ್ಲೇ ಇರಲಿ. ಅದನ್ನು ತೆಗೆದು ಹತ್ತು ಜನಕ್ಕೆ ಹಂಚುವುದು ಬೇಡ. ನೀನು ಓದಿದವಳು, ದೊಡ್ಡ ಮನಸ್ಸು ಮಾಡು.

ನಿನ್ನ
ಲಕ್ಷ್ಮಿ


ಬಸವೇಶ್ವರನಗರ
5 ಆಗಸ್ಟ್ 2024

ಲಕ್ಷ್ಮೀ,

ಬೀಗದ ಕೈಯನ್ನು ರಮ್ಯಶ್ರೀಗೇ ವಾಪಸು ಕೊಟ್ಟಿದ್ದೇನೆ. ವೇದಿಕೆಯ ಮೇಲೆ ಇಸಿದುಕೊಂಡದ್ದನ್ನು ಕವರಿನಲ್ಲಿ ಹಾಕಿ ಕಳಿಸಬೇಡ.

ಯಾರಿಗೂ ನೆನಪಿಲ್ಲ ಎಂದೆ. ಕಳೆದ ವಾರ ನಮ್ಮ ಬೀದಿಯ ಹೊಸ ಮನೆಯವರು ಸತ್ಯನಾರಾಯಣ ಪೂಜೆಗೆ ಕರೆದಿದ್ದರು. ಕೈ ತೊಳೆಯಲು ಹಿತ್ತಿಲಿಗೆ ಹೊರಟೆ. "ಮೇಡಂ, ನಮ್ ತುಳಸಿ ಕಡೆ ಮಾತ್ರ ತಿರುಗಿ ನೋಡ್ಬೇಡಿ, ಒಣಗ್ಬಿಟ್ಟಾತು" ಎಂದಿತು ಅಡುಗೆಮನೆಯಿಂದ ಒಂದು ದನಿ. ಯಾರೋ ನಕ್ಕರು. ನನಗೆ ಆ ಮನೆಯವರ ಪರಿಚಯವಾಗಿ ಇನ್ನೂ ತಿಂಗಳಾಗಿಲ್ಲ. ನಿನ್ನ ಮಾತು ನನಗಿಂತ ಮೊದಲೇ ಅಲ್ಲಿಗೆ ಹೋಗಿ ಕುಳಿತಿತ್ತು.

ಇದನ್ನು ನಾನು ನುಂಗಿಕೊಂಡೇನು. ನುಂಗಿಕೊಳ್ಳಲಾಗದ್ದು ಬೇರೊಂದಿದೆ. ಹೋದ ಗುರುವಾರ ಭಜನೆಗೆ ಬಂದ ಮೂವರು ಜಗದಾಂಬಾಳ ಕುಂಡಕ್ಕೆ ಮತ್ತೆ ನೀರು ಸುರಿದಿದ್ದಾರೆ. ರಮ್ಯಶ್ರೀ ತಡೆಯಲು ಹೋದರೆ ಅವರಲ್ಲೊಬ್ಬರು, "ಆ ಟೀಚರಮ್ಮ ಒಣಗಿಸಿ ಸಾಯಿಸಿದ್ದು ಸಾಲ್ದಾ, ನಿನಗೂ ಅದೇ ಬುದ್ಧಿ ಬಂತಾ?" ಎಂದರಂತೆ. ಹುಡುಗಿ ಕುಂಡವನ್ನು ಎತ್ತಿಕೊಂಡು ಹೋಗಿ ಮನೆಯಲ್ಲಿ ಇಟ್ಟುಕೊಂಡಿದ್ದಾಳೆ. ನೋಡು, ನಿನ್ನ ಮಾತು ಇನ್ನೂ ನೀರು ಸುರಿಯುತ್ತಿದೆ. ಅವು ಒಣಗಿ ಸತ್ತವು ಎಂದು ಅವರು ನಂಬಿರುವವರೆಗೂ ಉಳಿದ ಗಿಡಗಳ ಬುಡಕ್ಕೆ ಬಾಟಲಿ ಬರುತ್ತಲೇ ಇರುತ್ತದೆ. ನನ್ನ ಹೆಸರು ಕೆಟ್ಟರೆ ಕೆಡಲಿ ಎಂದು ಸುಮ್ಮನಾದರೂ ಗಿಡಗಳು ಉಳಿಯುವುದಿಲ್ಲ.

ರಾಗಿಣಿಯ ಮಾತಿಗೆ ಬರುತ್ತೇನೆ. ನೀನಾದರೆ ಹೇಳುತ್ತೀಯಾ ಎಂದು ಕೇಳಿದೆಯಲ್ಲ, ಹೇಳಿದ್ದೇನೆ. ಅವಳನ್ನು ಮನೆಗೆ ಕರೆದು, ಕಾಫಿ ಕೊಟ್ಟು, ಅವಳ ತಾಯಿಯ ಗಿಡದ ಬೇರನ್ನು ಪೇಪರಿನ ಮೇಲೆ ಇಟ್ಟು ತೋರಿಸಿದೆ. ನೀನು ಮಾತ್ರ ಅಲ್ಲ, ಎಲ್ಲರೂ ಸೇರಿ ಹಾಕಿದ ನೀರು ಎಂದೂ ಹೇಳಿದೆ. ಬಹಳ ಹೊತ್ತು ಆ ಬೇರನ್ನೇ ತಿರುಗಿಸಿ ನೋಡುತ್ತಿದ್ದಳು. ಅಳುತ್ತಾಳೆ ಅಂದುಕೊಂಡೆ.

"ನಮ್ಮಮ್ಮಾನೂ ಹೀಗೇ ಆಂಟಿ" ಎಂದಳು. "ಸಾಕು ಅಂತ ಒಂದಿನ ಬಾಯ್ಬಿಟ್ಟು ಹೇಳಿದೋರಲ್ಲ. ಬಡಿಸಿದ್ದೆಲ್ಲಾ ತಿಂದು, ರಾತ್ರಿ ಹೊಟ್ಟೆನೋವು ಅಂತ ಮಲಗೋರು." ಆಮೇಲೆ ಕಾಫಿ ಕುಡಿದಳು. ಹೋಗುವಾಗ, "ಇನ್ನೊಂದು ಗಿಡ ಇಡೋಣ ಆಂಟಿ, ಯಾವಾಗ ಹಾಕ್ಬೇಕು ಅಂತ ನೀವು ಹೇಳಿ, ಆವಾಗ್ಲೇ ಹಾಕ್ತೀನಿ" ಎಂದಳು. ಜನ ನಿಜವನ್ನು ತಡೆದುಕೊಳ್ಳುತ್ತಾರೆ ಲಕ್ಷ್ಮೀ. ಅವರು ತಡೆದುಕೊಳ್ಳಲಾರರು ಎಂದು ನಾವೇ ತೀರ್ಮಾನಿಸಿ, ನಮ್ಮ ಅಂಜಿಕೆಗೆ ಅವರ ಹೆಸರಿಡುತ್ತೇವೆ.

ನೀನು ಯಾರ ಹೆಸರನ್ನೂ ಹೇಳಬೇಕಾಗಿಲ್ಲ. ಜಗದಾಂಬಾ ನಿನಗೆ ಮಾಡಿದ ಫೋನಿನ ಮಾತೂ ಬೇಡ, ಅದು ನಿನ್ನದು. ಗಿಡಗಳು ಒಣಗಲಿಲ್ಲ, ಕೊಳೆತವು ಎಂದು ಹೇಳು. ತೂತಿಲ್ಲದ ಕುಂಡ ತರಿಸಿದ್ದು ಸಮಿತಿ, ಬೇಡ ಎಂದವಳು ಒಬ್ಬಳೇ ಎಂದು ಹೇಳು. ಪ್ರೀತಿಯಿಂದ ಹಾಕಿದ್ದಾದರೂ ನೀರು ನೀರೇ, ಇನ್ನು ಮುಂದೆ ಒಬ್ಬರೇ ಹಾಕುತ್ತಾರೆ, ಉಳಿದವರು ಬಂದು ನೋಡಿ ಹೋಗಿ ಎಂದು ಹೇಳು. ಕೇಳುವವರಿಗೆ ಕಷ್ಟವಾಗಬಹುದು. ನಮ್ಮ ಸಮಾಜಕ್ಕೆ ಮೂವತ್ತು ವರ್ಷವಾಗಿದೆ, ಇಷ್ಟು ಕಷ್ಟ ತಡೆದುಕೊಳ್ಳುವ ವಯಸ್ಸು ಅದಕ್ಕೆ ಬಂದಿದೆ.

ಈ ಪತ್ರಕ್ಕೆ ಉತ್ತರ ಬರೆಯಬೇಡ. ಮನೆಗೂ ಬರಬೇಡ, ಡಬ್ಬಿಯನ್ನೂ ಕಳಿಸಬೇಡ. ಹದಿನೆಂಟನೇ ತಾರೀಖು ನಾನು ಮೊದಲ ಸಾಲಿನಲ್ಲೇ ಕೂರುತ್ತೇನೆ. ಜಲಜಾ ನೀರು ನಿಲ್ಲಿಸಿದ್ದು ಸರಿಯೋ ತಪ್ಪೋ, ಅಧ್ಯಕ್ಷೆಯಾಗಿ, ಎಲ್ಲರೂ ಕೇಳುವ ಹಾಗೆ, ನಿನ್ನ ಬಾಯಿಂದಲೇ ಹೇಳು.

ಜಲಜಾ